ಎಲ್ಲ ತಾಯಂದಿರಿಗೂ ಒಂದೇ ನಿಯಮ

“ಮತ್ತೆ ಬಂದೆಯಾ? ಭಾಷಣದ ಒಂದು ಸಾಲನ್ನೂ ನೆಟ್ಟಗೆ ಬರೆಯೋಕೆ ಬಿಡಲ್ವಲ್ಲೇ!” ಎಂದು ವಿಮಲಾಕ್ಷಿ ಮೇಡಂ ರೇಗಿದರು.

ಅವರ ಮಗುವನ್ನು ಎತ್ತಿಕೊಂಡು ನಿಂತಿದ್ದ ಕೆಲಸದ ಹೊನ್ನಿ, “ಇವತ್ತಾದರೂ ಬೇಗ ಹೋಗಲಾ, ಅಮ್ಮಾವ್ರೇ?” ಎಂದಳು. ಅವಳು ಬೆಳಿಗ್ಗೆ ಹೊರಡುವಾಗಲೂ ರಾತ್ರಿ ಮರಳುವಾಗಲೂ ಅವಳ ಮಗಳು ನಿದ್ದೆಯಲ್ಲಿರುತ್ತಿದ್ದಳು. ಎಚ್ಚರವಿರುವ ಮಗಳನ್ನು ಎತ್ತಿಕೊಳ್ಳುವ ಆಸೆ ಅವಳಿಗೆ.

“ಕರ್ತವ್ಯ ಮೊದಲು! ಇಲ್ಲಿ ಬರೆದಿದ್ದೀನಿ ಕೇಳು. ಮಗುವನ್ನು ಹೆತ್ತವಳೇ ಮಲಗಿಸಬೇಕು. ರಾಣಿಗೂ ಇದೇ ನಿಯಮ, ಕೂಲಿಯವಳಿಗೂ ಇದೇ ನಿಯಮ.”

“ಹಂಗಾದರೆ ತಗೊಳ್ಳಿ, ನಿಮ್ಮದನ್ನು ನೀವು ಮಲಗಿಸಿ. ನನ್ನದನ್ನು ನಾನು ಮಲಗಿಸ್ತೀನಿ.” ಹೊನ್ನಿ ಮಗುವನ್ನು ಅವರ ಮಡಿಲಿಗಿಟ್ಟಳು.

ಮೇಡಂ ತಾವು ಬರೆದದ್ದನ್ನೇ ಮತ್ತೊಮ್ಮೆ ನೋಡಿ ಲೇಖನಿ ಕೆಳಗಿಟ್ಟರು. ಮಗು ಮಾತ್ರ ಹೊನ್ನಿಯ ಸೆರಗು ಬಿಡದೆ ಕಿರುಚಿತು.

“ಹೋಗು ತಾಯಿ,” ಎಂದು ಸೋತ ಮೇಡಂ, ಹೊನ್ನಿಯನ್ನು ಕೇಳಿದರು: “ನೀನು ಬಿಟ್ಟು ಹೊರಟರೆ ನಿನ್ನ ಮಗಳೂ ಹೀಗೇ ಅಳ್ತಾಳೇನೇ?”