ಒಣ ನೆಲದ ಮೇಲೆ ನಿಂತ ಅಣ್ಣ

"ಗುರುಗಳೇ, ತನಗೇ ತಿಳಿಯದ ಹಾದಿಯನ್ನು ಯಾರಾದರೂ ಕೇಳಿದರೆ ಏನು ಹೇಳಬೇಕು?" ಎಂದು ಶಿಷ್ಯ ಕೇಳಿದ.

ಅದು ಮಾತಿಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಹಿಂದಿನ ದಿನ ಒಬ್ಬ ತಾಯಿ ಮಠಕ್ಕೆ ಬಂದಿದ್ದಳು. ಅವಳ ಮಗನ ತಲೆಯಲ್ಲಿ ಗಡ್ಡೆ ಬೆಳೆದಿತ್ತು. ಶಸ್ತ್ರಚಿಕಿತ್ಸೆ ಮಾಡಿದರೆ ಉಳಿಯಬಹುದು, ಮಾಡುವಾಗಲೇ ಹೋಗಲೂಬಹುದು ಎಂದು ವೈದ್ಯರು ಹೇಳಿದ್ದರು. ಗುರುಗಳು ಆಗ ಮಠದಲ್ಲಿರಲಿಲ್ಲ. ಅವಳು ಶಿಷ್ಯನ ಕಾಲು ಹಿಡಿದು, "ನೀವೇ ಒಂದು ಮಾತು ಹೇಳಿ ಬುದ್ಧೀ, ನೀವು ಅಂದ ಹಾಗೆ ಮಾಡುತ್ತೇನೆ" ಎಂದಿದ್ದಳು. ಶಿಷ್ಯ ಅವಳಿಗೆ ನಾಳೆ ಬರಲು ಹೇಳಿ ಕಳಿಸಿದ್ದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಅವ್ವನೊಡನೆ ಅಣ್ಣ ತಮ್ಮ ಇದ್ದರು. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿನ ಕೂಸು. ಅವನನ್ನು ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ಅಣ್ಣ ಕಾರು ಓಟಗಾರ. ತಮ್ಮನಿಗೂ ಅದೇ ವಿದ್ಯೆ ಕಲಿಸಿದ. ಗೇರಿನ ಮೇಲೆ ಅವನ ಕೈ ಇರಿಸಿ, ಅದರ ಮೇಲೆ ತನ್ನ ಕೈ ಇಟ್ಟು ಕಲಿಸಿದ.

ಒಂದು ಓಟದಲ್ಲಿ ಅಣ್ಣನ ಮೊಣಕಾಲು ಮುರಿಯಿತು. ಅಂದಿನಿಂದ ಕಾರಿನಲ್ಲಿ ತಮ್ಮ ಕೂತ. ಅಣ್ಣ ಓಟದ ಪಥದ ಪಕ್ಕದ ಕಟ್ಟೆಯ ಮೇಲೆ ನಿಂತು ವೈರ್‌ಲೆಸ್‌ನಲ್ಲಿ ಮಾತಾಡುತ್ತಿದ್ದ. ಅಣ್ಣನ ಮಾತು ತಮ್ಮನ ಕಿವಿಗೆ ಬೀಳುತ್ತಿತ್ತು, ಕಿವಿಯಿಂದ ನೇರ ಕಾಲಿಗೆ ಇಳಿಯುತ್ತಿತ್ತು. ನಡುವೆ ಯೋಚನೆ ಎಂಬುದೇ ಇರಲಿಲ್ಲ. ಹಾಗಾಗಿಯೇ ಅವರು ಗೆಲ್ಲುತ್ತಿದ್ದರು.

ಆ ಪಥದ ದೂರದ ತುದಿಯಲ್ಲಿ ಒಂದು ದೊಡ್ಡ ತಿರುವಿತ್ತು. ಅದರ ಹೊರ ಅಂಚನ್ನು ಎತ್ತರಿಸಿ, ಒಳಕ್ಕೆ ಇಳಿಜಾರು ಕೊಟ್ಟು, ಬಾಣಲೆಯ ಅಂಚಿನಂತೆ ಕಟ್ಟಿದ್ದರು. ಮಟ್ಟಸ ತಿರುವಿನಲ್ಲಿ ಅಷ್ಟು ವೇಗವಾಗಿ ಹೋದರೆ ಕಾರು ಹೊರಕ್ಕೆ ಹಾರಿಹೋಗುತ್ತದೆ. ಇಲ್ಲಿ ಇಳಿಜಾರೇ ಅದನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಹೊಸಬರು ಆ ಎತ್ತರ ಕಂಡು ಹೆದರಿ ವೇಗ ತಗ್ಗಿಸುತ್ತಿದ್ದರು. ಅಣ್ಣ ತಮ್ಮನಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: "ಆಕ್ಸಿಲರೇಟರಿನಿಂದ ಕಾಲು ಎತ್ತಬೇಡ. ಇಳಿಜಾರನ್ನು ನಂಬು."

ತಮ್ಮ ನಂಬಿದ. ಇಳಿಜಾರು ಅವನನ್ನು ಒಮ್ಮೆಯೂ ಕೈಬಿಟ್ಟಿರಲಿಲ್ಲ.

ಒಂದು ಬೇಸಿಗೆಯ ಓಟ. ತಮ್ಮ ಎಲ್ಲರಿಗಿಂತ ಮುಂದಿದ್ದ. ಇದ್ದಕ್ಕಿದ್ದಂತೆ ದೂರದ ತುದಿಯಲ್ಲಿ ಮಳೆ ಸುರಿಯಿತು. ಬೇಸಿಗೆ ಮಳೆಗೆ ಊರೆಲ್ಲ ಒಂದೇ ಅಲ್ಲ. ಅಣ್ಣ ನಿಂತ ಕಡೆ ಸುಡುಬಿಸಿಲು, ಒಂದು ಹನಿಯೂ ಬಿದ್ದಿರಲಿಲ್ಲ. ಓಟ ನಿಲ್ಲಿಸುವ ಬಾವುಟವನ್ನು ಇನ್ನೂ ಯಾರೂ ಬೀಸಿರಲಿಲ್ಲ. ಕಾರಿಗೆ ಹಾಕಿದ್ದು ಒಣ ನೆಲದ ನುಣುಪು ಟೈರುಗಳು.

ವೈರ್‌ಲೆಸ್‌ನಲ್ಲಿ ತಮ್ಮನ ದನಿ ಬಂತು. "ಅಣ್ಣಾ, ತಿರುವು ಕನ್ನಡಿ ಹಾಗೆ ಹೊಳೀತಾ ಇದೆ. ಏನು ಮಾಡಲಿ?"

ಅಣ್ಣನ ಗಂಟಲಿಗೆ ಎರಡು ಮಾತು ಒಟ್ಟಿಗೆ ಬಂದವು. ಒಂದು, ತಾನು ಕಲಿಸಿದ ಹಳೆಯ ಮಾತು. ಇನ್ನೊಂದು, ಹೊಟ್ಟೆಯೊಳಗಿಂದ ಎದ್ದ ಮಾತು. ವೇಗವಾಗಿ ಹೋಗು ಎಂದು ಹೇಳಿ ಅವನು ಹಾರಿಬಿದ್ದರೆ ಅವ್ವನಿಗೆ ಯಾವ ಮುಖ ತೋರಿಸಲಿ ಎನ್ನಿಸಿತು. ನಿಧಾನ ಹೋದವನು ಕೆಟ್ಟನೆಂದು ಯಾರೂ ಹೇಳಿದ್ದಿಲ್ಲ.

"ನಿಧಾನ ಮಾಡು ಮರಿ. ತೀರಾ ನಿಧಾನ" ಎಂದ.

"ಆಗಲಿ ಅಣ್ಣಾ."

ತಮ್ಮ ಕಾಲು ಎತ್ತಿದ. ಕಾರು ಆಗ ತಿರುವಿನ ಮೇಲಂಚಿನಲ್ಲಿತ್ತು. ವೇಗ ಇಳಿಯುತ್ತಿದ್ದಂತೆ ಅದನ್ನು ಮೇಲೆ ನಿಲ್ಲಿಸಿದ್ದ ಬಲವೂ ಇಳಿಯಿತು. ನೀರು ಹರಿಯುವ ಇಳಿಜಾರಿನಲ್ಲಿ ಟೈರಿಗೆ ಹಿಡಿಯಲು ಏನೂ ಸಿಗಲಿಲ್ಲ. ಓರೆ ಹಿಡಿದ ತಟ್ಟೆಯಲ್ಲಿ ಬೆಣ್ಣೆ ಜಾರುವಂತೆ ಕಾರು ಅಡ್ಡಡ್ಡ ಕೆಳಕ್ಕೆ ಜಾರಿತು. ತಿರುವಿನ ಬುಡದಲ್ಲಿ ಮೇಲಿನ ನೀರೆಲ್ಲ ಬಂದು ನಿಂತಿತ್ತು. ಅದರಲ್ಲಿ ಒಂದು ಸುತ್ತು ತಿರುಗಿ ಪಥಕ್ಕೆ ಅಡ್ಡಲಾಗಿ ನಿಂತಿತು. ಹಿಂದೆ ಬರುತ್ತಿದ್ದವನಿಗೆ ಆ ಮಳೆಯಲ್ಲಿ ಅದು ಕಾಣಲಿಲ್ಲ.

ಸದ್ದು ಕೇಳಿ ಅಣ್ಣ ಕುಂಟುತ್ತ ಓಡಿದ. ಅರ್ಧ ದಾರಿಯಲ್ಲಿ ಮೊದಲ ಹನಿ ಅವನ ಮುಖಕ್ಕೆ ಬಿತ್ತು. ಮುಂದಿನ ಹೆಜ್ಜೆಗೆ ಅವನೇ ಜಾರಿ ಬಿದ್ದ. ಎದ್ದು ಮತ್ತೆ ಓಡಿದ. ಅವನು ತಲುಪುವಷ್ಟರಲ್ಲಿ ತಮ್ಮನನ್ನು ಹೊರಗೆ ಮಲಗಿಸಿ ಮುಖ ಮುಚ್ಚಿದ್ದರು.

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಕೊನೆಗೆ ಏನಂದನೋ ನನ್ನ ಮಗ?"

"ಆಗಲಿ ಅಣ್ಣಾ ಅಂದ" ಎಂದು ಅಣ್ಣ ಹೇಳಿದ.

ತಿಥಿ ಮುಗಿದ ಮೇಲೆ ಅಣ್ಣ ಆ ಪಥ ಕಟ್ಟಿಸಿದ ಇಂಜಿನಿಯರನ್ನು ಹುಡುಕಿಕೊಂಡು ಹೋದ. ನಾನು ಹೇಳಬೇಕಾಗಿದ್ದ ಮಾತು ಯಾವುದು ಎಂದು ಕೇಳಿದ.

ಇಂಜಿನಿಯರು ಹೇಳಿದ: "ಪ್ರತಿ ಇಳಿಜಾರಿಗೂ ತನ್ನದೊಂದು ವೇಗವಿದೆ. ಅದಕ್ಕಿಂತ ಹೆಚ್ಚಾದರೆ ಕಾರು ಮೇಲಕ್ಕೆ ಜಾರುತ್ತದೆ, ಕಡಿಮೆಯಾದರೆ ಕೆಳಕ್ಕೆ ಜಾರುತ್ತದೆ. ನೆಲ ಒಣಗಿದ್ದರೆ ಎರಡು ತಪ್ಪನ್ನೂ ಟೈರು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಒದ್ದೆಯಾದರೆ ಒಂದನ್ನೂ ಹಾಕಿಕೊಳ್ಳುವುದಿಲ್ಲ."

"ಹಾಗಾದರೆ ಕಾಲು ಎತ್ತಬೇಡ ಎಂದಿದ್ದರೆ ನನ್ನ ತಮ್ಮ ಉಳಿಯುತ್ತಿದ್ದನೇ?"

"ಹೇಳಲಾರೆ. ಮೇಲಿನಿಂದ ನೀರು ಹರಿಯುತ್ತಿತ್ತು. ಅಷ್ಟು ವೇಗದಲ್ಲಿ ನುಣುಪು ಟೈರು ನೀರಿನ ಮೇಲೆ ತೇಲಿಬಿಡುತ್ತದೆ. ಮೇಲಂಚಿನ ಗೋಡೆಗೆ ಬಡಿಯುತ್ತಿದ್ದನೇನೋ. ದಾಟಿಹೋಗುತ್ತಿದ್ದನೇನೋ."

ಅಣ್ಣ ಅಲ್ಲೇ ನಿಂತುಕೊಂಡ. ನಿನ್ನದೇ ತಪ್ಪು ಎಂದಿದ್ದರೆ ಅದನ್ನು ಹೊತ್ತುಕೊಂಡಾದರೂ ಬದುಕುತ್ತಿದ್ದ. ನಿನ್ನ ತಪ್ಪಲ್ಲ ಎಂದಿದ್ದರೆ ಅತ್ತು ಹಗುರಾಗುತ್ತಿದ್ದ. ಎರಡೂ ಅವನ ಪಾಲಿಗೆ ಬರಲಿಲ್ಲ.

ಅಂದಿನಿಂದ ಅವನು ಯಾರಿಗೂ ಏನೂ ಹೇಳದಾದ. ಓಟ ಕಲಿಸಿಕೊಡಿ ಎಂದು ಬಂದವರು ಬಾಗಿಲಲ್ಲಿ ಕಾದು ಕಾದು ವಾಪಸಾದರು. ದಾರಿಹೋಕರು ಬಸ್ ನಿಲ್ದಾಣ ಯಾವ ಕಡೆ ಎಂದು ಕೇಳಿದರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದ. ಊಟಕ್ಕೆ ಬಡಿಸಲೇನೋ ಎಂದು ಅವ್ವ ಕೇಳಿದರೂ ಗೋಡೆ ನೋಡುತ್ತಿದ್ದ. ಅವಳೇ ಬಡಿಸಿ ಎದುರಿಗಿಟ್ಟು ಹೋಗುತ್ತಿದ್ದಳು. ಒಬ್ಬ ಮಗ ಹೋದ, ಇನ್ನೊಬ್ಬ ಇದ್ದೂ ಇಲ್ಲ ಎಂದು ಅವಳು ನೆರೆಯವರ ಮುಂದೆ ಕೊರಗುತ್ತಿದ್ದಳು. ಆ ಕೊರಗಿನಲ್ಲೇ ಅವಳೂ ಹೋದಳು. ಸಾಯುವ ಮುನ್ನ ಮಗನ ಕೈ ಹಿಡಿದು, "ನಾನಿನ್ನು ಹೋಗಲೇನಪ್ಪಾ?" ಎಂದು ಕೇಳಿದಳು. ಅವನು ಅದಕ್ಕೂ ಉತ್ತರ ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಅಂಗಳದಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಬಂದವಳು ಯಾರೆಂದು ಅವನಿಗೆ ನೋಡದೆಯೇ ತಿಳಿಯಿತು. ಒಂದು ದಾರಿ ಸಿಕ್ಕಿತೆಂದುಕೊಂಡ.

"ತಿಳಿಯಿತು ಗುರುಗಳೇ. ತಮ್ಮ ಕೇಳಿದಾಗ ಅಣ್ಣ ಸುಮ್ಮನಿರಬೇಕಾಗಿತ್ತು" ಎಂದ.

"ಸುಮ್ಮನಿದ್ದ ಅಣ್ಣನ ಕತೆಯೂ ಒಂದಿದೆ ಮಗು, ಅದರಲ್ಲೂ ತಮ್ಮ ಸಾಯುತ್ತಾನೆ" ಎಂದರು ಗುರುಗಳು.