ನಾಲ್ಕು ಬೆರಳು ಗಿಡ್ಡವಾದ ಕಂಬ

ಶಿಷ್ಯ ಕೇಳಿದ: "ಗುರುಗಳೇ, ಕಲಿಸಿದವರ ತಪ್ಪು ಕಲಿತವನ ಕಣ್ಣಿಗೆ ಬಿದ್ದರೆ ಅವನೇನು ಮಾಡಬೇಕು? ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ತಪ್ಪು ಹಾಗೇ ಉಳಿಯುತ್ತದೆ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇನ್ನೂರು ವರ್ಷದ ಮರದ ಮನೆಯೊಂದಿತ್ತು. ಹಿಂದೆ ಯಾವನೋ ದಳವಾಯಿ ಕಟ್ಟಿಸಿದ್ದು. ಎರಡು ಅಂತಸ್ತು, ಇಪ್ಪತ್ತನಾಲ್ಕು ಸಾಗುವಾನಿ ಕಂಬ. ಇಡೀ ಮನೆಯಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ. ಮರವನ್ನು ಮರವೇ ಹಿಡಿದುಕೊಂಡಿತ್ತು. ಆದರೆ ಅದರ ಒಂದು ಮೂಲೆ ಎರಡು ಬೆರಳಷ್ಟು ಕುಸಿದಿತ್ತು. ಮಹಡಿಯ ಬಾಗಿಲುಗಳು ಮುಚ್ಚುತ್ತಿರಲಿಲ್ಲ. ತೊಲೆಗಳು ಕಂಬ ಸೇರುವ ಕೂಡಿನಿಂದ ಬಿಚ್ಚಿಕೊಳ್ಳತೊಡಗಿದ್ದವು. ಕೆಡವಿ ಹೊಸದು ಕಟ್ಟು ಎಂದು ಯಜಮಾನನಿಗೆ ಹೇಳಿದವರೇ ಹೆಚ್ಚು. ಅವನು ಒಪ್ಪಲಿಲ್ಲ. ಹಳೆಯ ಪದ್ಧತಿಯ ಕೆಲಸ ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ, ಮೌನೇಶನೆಂಬ ಬಡಗಿಯನ್ನು ಕರೆಸಿದ.

ಮೂಲೆ ಏಕೆ ಕುಸಿಯಿತು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನಲವತ್ತು ವರ್ಷದ ಹಿಂದೆ ಆ ಮೂಲೆಯ ಕಂಬಕ್ಕೆ ಗೆದ್ದಲು ಹತ್ತಿತ್ತು. ಆಗ ಓಬಣ್ಣನೆಂಬ ಕಲ್ಲುಕುಟಿಗ ಹೊಸ ಅಡಿಗಲ್ಲು ಕೂರಿಸಿದ. ಅದರ ಮೇಲೆ ನಾಗಲಿಂಗಾಚಾರಿ ಎಂಬ ಬಡಗಿ ಹೊಸ ಕಂಬ ನಿಲ್ಲಿಸಿದ. ಎರಡೇ ವರ್ಷಕ್ಕೆ ಮೂಲೆ ತಗ್ಗಿತು. ಆಚಾರಿಯ ಕೆಲಸದ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಸುತ್ತಿನ ಊರುಗಳಲ್ಲಿ ಅವನಂಥ ಬಡಗಿ ಇನ್ನೊಬ್ಬನಿರಲಿಲ್ಲ. ಕಲ್ಲೇ ಕುಸಿದಿದೆ ಎಂದರು. ನನ್ನ ಕಲ್ಲು ಅಲುಗಿಲ್ಲ ಎಂದು ಓಬಣ್ಣ ಮನೆಮನೆಗೆ ಹೋಗಿ ಹೇಳಿಕೊಂಡ. ಆಚಾರಿ ಏನೂ ಹೇಳಲಿಲ್ಲ. ಅಂದಿನಿಂದ ಓಬಣ್ಣನಿಗೆ ಯಾರೂ ಪಾಯದ ಕೆಲಸ ಕೊಡಲಿಲ್ಲ. ದೇವಸ್ಥಾನದ ಮಂಟಪಕ್ಕೆ ಕಲ್ಲು ಕೂರಿಸಬೇಕೆಂದಿದ್ದವನು ಊರ ಹೊರಗೆ ಕುಳಿತು ಒರಳುಕಲ್ಲು ಮಾಡಿ ಮಾರುತ್ತ ಮುದುಕನಾದ.

ಮೌನೇಶ ಆ ನಾಗಲಿಂಗಾಚಾರಿಯ ಶಿಷ್ಯ. ಹನ್ನೆರಡು ವರ್ಷ ಅವನ ಮನೆಯಲ್ಲಿ ಉಂಡು, ಅವನ ಪಕ್ಕದಲ್ಲಿ ಕುಳಿತು ಕೆಲಸ ಕಲಿತವನು. ಉಳಿ ಹಿಡಿಯುವುದನ್ನು ಅವನಿಂದ ಕಲಿತಿದ್ದ. ಮರ ತಟ್ಟಿ ಅದರ ಒಳಗನ್ನು ಕೇಳುವುದನ್ನೂ ಅವನಿಂದಲೇ ಕಲಿತಿದ್ದ. ಆಚಾರಿ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

ಮೌನೇಶ ಮೊದಲು ತೊಲೆಗೆ ಎರಡು ಕಡೆ ಆಸರೆ ಕೊಟ್ಟ. ಆಸರೆಯ ಬುಡಕ್ಕೆ ಬೆಣೆ ಹೊಡೆದು, ದಿನಕ್ಕೆ ಒಂದು ರಾಗಿಕಾಳಿನಷ್ಟು ಮಾತ್ರ ಮೇಲೆತ್ತುತ್ತ ಬಂದ. ಅವಸರ ಮಾಡಿದರೆ ಹಳೆಯ ಮರ ಸೀಳುತ್ತದೆ. ತಿಂಗಳು ಕಳೆದ ಮೇಲೆ ತೊಲೆ ತನ್ನ ಮಟ್ಟಕ್ಕೆ ಬಂತು, ಕಂಬ ಸಡಿಲವಾಯಿತು. ನಾಲ್ಕು ಜನರನ್ನು ಕರೆದು ಕಂಬವನ್ನು ಕೆಳಗೆ ಮಲಗಿಸಿದ.

ಎಲ್ಲರೂ ಊಟಕ್ಕೆ ಹೋದಾಗ ಅವನು ಅಡಿಗಲ್ಲನ್ನು ಗುಡಿಸಿದ. ಅಂಚಿನ ಸುತ್ತ ಹಸಿಮಣ್ಣಿನ ಕಟ್ಟೆ ಕಟ್ಟಿ ನೀರು ಹೊಯ್ದ. ನಾಲ್ಕು ಮೂಲೆಯಲ್ಲೂ ಕಡ್ಡಿ ಅದ್ದಿ ನೋಡಿದ. ನೀರು ಎಲ್ಲ ಕಡೆ ಒಂದೇ ಆಳವಿತ್ತು. ಪಕ್ಕದ ಕಂಬಗಳ ಅಡಿಗಲ್ಲಿಗೂ ಇದಕ್ಕೂ ಮಟ್ಟ ಹಿಡಿದು ನೋಡಿದ, ಒಂದೇ ಇತ್ತು. ಕಲ್ಲು ಓಬಣ್ಣ ಇಟ್ಟ ಜಾಗದಲ್ಲೇ ಇತ್ತು.

ಆಮೇಲೆ ಅವನು ಕಂಬದ ತಲೆಯ ಹತ್ತಿರ ಬಂದ. ಅಲ್ಲಿ ಕಮಲದ ದಳಗಳ ಕೆತ್ತನೆಯ ಪಟ್ಟಿಯೊಂದಿತ್ತು. ಅದನ್ನು ಬಿಡಿಸಿದರೆ ಕೆಳಗೆ ಬೇರೆ ಮರದ ತುಂಡು. ಮೆದುಮರ. ಭಾರಕ್ಕೆ ನಜ್ಜುಗುಜ್ಜಾಗಿ ಅರ್ಧಕ್ಕರ್ಧ ತೆಳ್ಳಗಾಗಿತ್ತು. ಕಂಬವನ್ನು ಅಳೆದ. ನಾಲ್ಕು ಬೆರಳು ಗಿಡ್ಡವಿತ್ತು. ಆಚಾರಿ ಅಳತೆ ತಪ್ಪಿ ಕೊಯ್ದಿದ್ದ. ಅಷ್ಟು ದಪ್ಪದ ಇನ್ನೊಂದು ಸಾಗುವಾನಿ ಆ ಸೀಮೆಯಲ್ಲಿ ಸಿಕ್ಕಿರಲಿಕ್ಕಿಲ್ಲ. ಕೈಗೆ ಸಿಕ್ಕ ತುಂಡನ್ನು ಮೇಲಿಟ್ಟು, ಯಾರಿಗೂ ಕಾಣದಂತೆ ಸೊಗಸಾದ ಕಮಲ ಕೆತ್ತಿ ಮುಚ್ಚಿದ್ದ.

ಮೌನೇಶ ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತ. ಮೂಲೆ ಕುಸಿದ ಮೇಲೆ ಆಚಾರಿ ಈ ಮನೆಯ ಬೀದಿಯಲ್ಲಿ ಎಂದೂ ನಡೆದವನಲ್ಲ. ಸಂತೆಗೆ ಹೋಗುವಾಗಲೂ ಕೆರೆಯ ಏರಿ ಬಳಸಿಕೊಂಡು ಹೋಗುತ್ತಿದ್ದ. ಅದು ದೊಡ್ಡವರ ಹಟವೆಂದು ಶಿಷ್ಯರೆಲ್ಲ ತಿಳಿದಿದ್ದರು. ಈಗ ಮೌನೇಶನಿಗೆ ಅರ್ಥವಾಯಿತು. ಸಿಟ್ಟು ಬರಲಿಲ್ಲ. ಅಳು ಬಂತು.

ಆ ತುಂಡು ಒಲೆಗೆ ಹಾಕಿದರೆ ಒಂದು ಹೊತ್ತಿನ ಅಡುಗೆಗೂ ಸಾಲುತ್ತಿರಲಿಲ್ಲ. ಆದರೆ ಸುಟ್ಟುಬಿಟ್ಟರೆ ಗುರುಗಳ ತಪ್ಪಿಗೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಅವನು ಮೂರು ದಿನ ಕೆಲಸ ಮುಟ್ಟಲಿಲ್ಲ. ಕೇಳಿದವರಿಗೆ ಮೈ ಸರಿಯಿಲ್ಲ ಎಂದ. ನಾಲ್ಕನೆಯ ದಿನ ಯಜಮಾನನೇ ಬಂದ.

"ನಾಳೆ ಪಕ್ಕದೂರಿನ ಗೌಂಡಿ ಬರುತ್ತಾನೆ. ಆ ಹಾಳು ಕಲ್ಲನ್ನು ಕಿತ್ತು ಹಾಕಿಸಿಬಿಡೋಣ" ಎಂದ.

ಮೌನೇಶ ತುಂಡನ್ನು ಅವನ ಮುಂದಿಟ್ಟ. "ಕಲ್ಲು ಕೀಳಿಸಬೇಡಿ, ಯಜಮಾನರೇ. ಕಲ್ಲು ಕುಸಿದಿಲ್ಲ. ಕಂಬ ಗಿಡ್ಡ. ನಮ್ಮ ಗುರುಗಳು ನಾಲ್ಕು ಬೆರಳು ಕಡಿಮೆ ಕೊಯ್ದಿದ್ದಾರೆ."

ಯಜಮಾನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನೀನು ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು."

"ಓಬಣ್ಣ ಇನ್ನೂ ಬದುಕಿದ್ದಾನೆ" ಎಂದ ಮೌನೇಶ.

ಯಜಮಾನ ಒಳ್ಳೆಯವನು. ತಾನೇ ಗಾಡಿ ಕಟ್ಟಿಸಿಕೊಂಡು ಹೋಗಿ ಓಬಣ್ಣನನ್ನು ಕರೆತಂದ. ಬರುವ ದಾರಿಯಲ್ಲಿ ಕಂಡವರಿಗೆಲ್ಲ ಗಾಡಿ ನಿಲ್ಲಿಸಿ ವಿಷಯ ಹೇಳಿದ. ಮುದುಕ ಯಾರನ್ನೂ ಬೈಯಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲಿನ ಮೇಲೆ ಅಂಗೈ ಇಟ್ಟ. "ಎಲ್ಲರೂ ಹೇಳಿ ಹೇಳಿ ನನಗೇ ಅನುಮಾನ ಬಂದುಬಿಟ್ಟಿತ್ತಪ್ಪ. ಎಲ್ಲೋ ಮಣ್ಣು ಸರಿಯಾಗಿ ದಮ್ಮಸು ಮಾಡದೆ ಕಲ್ಲಿಟ್ಟೆನೇನೋ ಅಂತ" ಎಂದ. ಅಂದಿನಿಂದ ಅವನು ದಿನವೂ ಬೆಳಗ್ಗೆ ಬಂದು ಅಲ್ಲೇ ಗೋಡೆಗೊರಗಿ ಕುಳಿತು ಕೆಲಸ ನೋಡತೊಡಗಿದ.

ಆಚಾರಿಯ ಉಳಿದ ಶಿಷ್ಯರಿಗೆ ಸುದ್ದಿ ಮುಟ್ಟಿತು. ಅನ್ನ ಹಾಕಿದವರ ಹೆಸರು ಕೆಡಿಸಿದ ಎಂದು ಅವರು ಮೌನೇಶನನ್ನು ಮಾತನಾಡಿಸುವುದನ್ನು ಬಿಟ್ಟರು. ಅವರಲ್ಲೊಬ್ಬ ಅವನ ಮಗಳ ಮದುವೆಗೂ ಬರಲಿಲ್ಲ. ಮೌನೇಶನಿಗೆ ನೋವಾಯಿತು. ಆದರೆ ಕೆಲಸ ನಿಲ್ಲಿಸಲಿಲ್ಲ.

ಗಿಡ್ಡ ಕಂಬವನ್ನು ಅವನು ಎಸೆಯಲಿಲ್ಲ. ಅದರ ಬುಡವನ್ನು ಒಂದು ಮೊಳ ಕೊಯ್ದ. ಅದೇ ಮನೆಯ ಮುರಿದುಬಿದ್ದ ಮೊಗಸಾಲೆಯಲ್ಲಿ ಹಳೆಯ ಸಾಗುವಾನಿ ತುಂಡೊಂದಿತ್ತು. ಅದರಿಂದ ಒಂದು ಮೊಳ ನಾಲ್ಕು ಬೆರಳಿನ ಹೊಸ ಬುಡ ಮಾಡಿದ. ಎರಡಕ್ಕೂ ಹಲ್ಲು ಕೊರೆದು, ಒಂದರೊಳಗೆ ಒಂದನ್ನು ಕೂರಿಸಿ, ಮರದ ಗೂಟ ಹೊಡೆದು ಬಿಗಿದ. ಹಲ್ಲು ಕೊರೆಯುವುದಕ್ಕೇ ಹದಿನೈದು ದಿನ ಹಿಡಿಯಿತು. ಮೊದಲೊಮ್ಮೆ ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಕೊರೆದ. ಕೂಡು ಕೂತ ದಿನ ಓಬಣ್ಣ ಎದ್ದು ಬಂದು ಅದರ ಮೇಲೆ ಉಗುರಿನಿಂದ ಗೀರಿ ನೋಡಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇಂಥ ಕೂಡು ನಾನು ನೋಡಿಲ್ಲ. ಯಾರು ಕಲಿಸಿದರು ನಿನಗೆ?" ಎಂದು ಕೇಳಿದ.

"ಅವರೇ" ಎಂದ ಮೌನೇಶ.

ಓಬಣ್ಣ ಕಂಬದ ಮೇಲಿಂದ ಕೈ ತೆಗೆಯಲಿಲ್ಲ. "ಇಷ್ಟು ಬಲ್ಲವನು. 'ಓಬಣ್ಣ, ತಪ್ಪಿಬಿಟ್ಟೆ ಕಣೋ' ಅಂತ ಅವತ್ತೇ ಒಂದು ಮಾತು ಹೇಳಿದ್ದರೆ, ನಾನು ಕಲ್ಲನ್ನೇ ನಾಲ್ಕು ಬೆರಳು ಎತ್ತರಿಸಿ ಕೊಡುತ್ತಿದ್ದೆ. ಒಂದು ದಿನದ ಕೆಲಸ."

ಕಂಬ ನಿಂತಿತು. ಆಸರೆ ತೆಗೆದರು. ಮಹಡಿಯ ಬಾಗಿಲುಗಳು ಹೆಚ್ಚುಕಡಿಮೆ ನಲವತ್ತು ವರ್ಷದ ಮೇಲೆ ಮುಚ್ಚಿಕೊಂಡವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಎದ್ದು ನಮಸ್ಕಾರ ಮಾಡಿ ಹೊರಡಲು ನೋಡಿದ.

"ಕುಳಿತುಕೋ" ಎಂದರು ಗುರುಗಳು. "ನನ್ನಲ್ಲಿ ನೀನು ಕಂಡ ತಪ್ಪು ಯಾವುದು, ಹೇಳು."

ಶಿಷ್ಯ ಕುಳಿತ.