ಹಸಿರು ದಾರ, ಎರಡು ಗಂಟು

ಹೊಳೆದಂಡೆಯ ಮಠದಲ್ಲಿ ಓಲೆಗರಿಯ ಭಂಡಾರವೊಂದಿತ್ತು. ಅದರ ಬಾಗಿಲಿಗೆ ಬೀಗವಿರಲಿಲ್ಲ, ಅಡವಯ್ಯನಿದ್ದ.

ಅಡವಯ್ಯ ಮಠದ ಹಿರಿಯ ಶಿಷ್ಯ. ಯಾವ ಕಟ್ಟು ಯಾವ ಗೂಡಿನಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಯಾರು ಏನು ಕೇಳಿಕೊಂಡು ಬಂದರೂ ಮಠದವರದು ಒಂದೇ ಮಾತು: “ಅಡವಯ್ಯನ್ನ ಕೇಳ್ರಿ.”

ಆ ಮಾತು ಕಿವಿಗೆ ಬಿದ್ದರೆ ಅವನಿಗೆ ರೊಟ್ಟಿ ಬೇಡ, ನಿದ್ದೆ ಬೇಡ. ಕೇಳಿಸಿದರೂ ಕೇಳಿಸದವನಂತೆ ಕೂತು, ಇನ್ನೊಮ್ಮೆ ಕರೆಸಿಕೊಂಡೇ ಏಳುತ್ತಿದ್ದ.

ಅಂಥಲ್ಲಿಗೆ ಶರಭಯ್ಯನೆಂಬ ಹೊಸ ಶಿಷ್ಯ ಬಂದ. ಬಂದವನು ಸುಮ್ಮನಿರಬಾರದೆ? ಒಂದು ದಿನ ಗುರುಗಳ ಮುಂದೆ ಕೈಕಟ್ಟಿ ನಿಂತು ಕೇಳಿದ.

“ಅಜ್ಜಾರ, ಅಡವಯ್ಯನವರಿಗೆ ಜ್ವರ ಬಂದ್ರ ಭಂಡಾರಕ್ಕೂ ಜ್ವರ ಬರ್ತೈತಲ್ರೀ?”

ಆ ಕಡೆ ಮಠದ ಗುರುಗಳನ್ನು ಅಜ್ಜಾರು ಎನ್ನುವುದೇ ರೂಢಿ. ಅಜ್ಜಾರು ನಕ್ಕರು. ಅಡವಯ್ಯ ನಗಲಿಲ್ಲ.

“ಅದಕ್ಕ ಏನ್ ಮಾಡೂಣಂತಿ?” ಎಂದರು ಅಜ್ಜಾರು.

“ದಾರ ಕಟ್ಟೂಣ್ರಿ.”

ಕಟ್ಟಿಯೇ ಬಿಟ್ಟ. ಔಷಧಿಯ ಕಟ್ಟಿಗೆ ಹಸಿರು ದಾರ, ಹಾಡಿಗೆ ಹಳದಿ, ಮಳೆ ನಕ್ಷತ್ರಕ್ಕೆ ನೀಲಿ. ಮನುಷ್ಯರ ಔಷಧಿಯಾದರೆ ದಾರಕ್ಕೆ ಒಂದು ಗಂಟು, ದನಕುರಿಯದಾದರೆ ಎರಡು. ಹಾಡಿನ ನಡುವೆ ಔಷಧಿ ಹೇಳಿದ್ದರೆ ಆ ಕಟ್ಟಿಗೆ ಹಳದಿಯೂ ಉಂಟು, ಹಸಿರೂ ಉಂಟು. ಅಕ್ಷರ ಬಾರದವರೂ ಬಣ್ಣ ನೋಡಿ ಬೇಕಾದ ಕಟ್ಟು ಎಳೆಯುವಂತಾಯಿತು.

“ಬೇಷ್,” ಎಂದರು ಅಜ್ಜಾರು.

ಆ ಒಂದು ಮಾತು ಅಡವಯ್ಯನಿಗೆ ಮುಳ್ಳಾಗಿ ನಟ್ಟಿತು. ಇಷ್ಟು ವರ್ಷ ಗರಿಗಳಿಗೆ ಎಣ್ಣೆ ಸವರಿದ್ದು ಯಾರು? ಬಿಸಿಲಿಗೆ ಹಾಕಿದ್ದು ಯಾರು? ಹುಳ ಆರಿಸಿದ್ದು ಯಾರು? ಒಮ್ಮೆಯಾದರೂ ಬೇಷ್ ಅಂದಿದ್ದರೇ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ, ಅಂದುಕೊಂಡ.

ಅದಕ್ಕಿಂತ ಹೆಚ್ಚು ಉರಿದದ್ದು ಒಂದೇ ಕಟ್ಟಿಗೆ ಎರಡು ದಾರ ಕಟ್ಟಿದ್ದಕ್ಕೆ. ಅದು ತನಗೇಕೆ ಹೊಳೆಯಲಿಲ್ಲ?

ಬರಬರುತ್ತ ಜನ ನೇರ ಒಳಗೆ ಹೋಗತೊಡಗಿದರು. ಹೊಸ್ತಿಲಲ್ಲಿ ಕೂತ ಅಡವಯ್ಯನನ್ನು ದಾಟಿ ಹೋಗಿ, ಕಟ್ಟು ತಂದು, ಓದಿಸಿಕೊಂಡು, ಮತ್ತೆ ಅವನನ್ನು ದಾಟಿ ಹೋಗುತ್ತಿದ್ದರು. “ಸ್ವಲ್ಪ ಸರೀರಿ ಅಯ್ಯನವರ,” ಅನ್ನುತ್ತಿದ್ದರು. ಅಷ್ಟೇ ಅವನ ಪಾಲಿಗೆ ಬಂದ ಮಾತು.

ಅವನು ಶರಭಯ್ಯನ ಜೊತೆ ಮಾತು ಬಿಟ್ಟ. ಶರಭಯ್ಯ ಬಡಿಸಿದರೆ ಸಾರಿಗೆ ಉಪ್ಪಿಲ್ಲ ಅನ್ನುತ್ತಿದ್ದ. ಶರಭಯ್ಯ ಹಾಡಿದರೆ ತಲೆನೋವು ಅನ್ನುತ್ತಿದ್ದ. ಹೊಟ್ಟೆಕಿಚ್ಚಿನವನಿಗೆ ನೆಪಕ್ಕೇನು ಬರ?

ಒಂದು ಮಧ್ಯಾಹ್ನ ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದಾಗ ಅಡವಯ್ಯ ಭಂಡಾರಕ್ಕೆ ಹೋದ. ಹಸಿರು ದಾರ, ಎರಡು ಗಂಟಿನ, ಕುರಿ ಔಷಧಿಗೆಂದು ಇದ್ದ ಒಂದೇ ಕಟ್ಟನ್ನು ಎಳೆದು, ಹಾಡಿನ ಕಟ್ಟುಗಳ ಹಿಂದೆ ಗೋಡೆಗೆ ಒತ್ತಿ ಇಟ್ಟ. ಇಂದಲ್ಲ ನಾಳೆ ಯಾರಾದರೂ ಅದನ್ನು ಕೇಳಿ ಬರುತ್ತಾರೆ. ಶರಭಯ್ಯ ತಡಕಾಡುತ್ತಾನೆ. ಆಗ ಅಜ್ಜಾರೇ ಅನ್ನಬೇಕು, ಅಡವಯ್ಯನ್ನ ಕೇಳ್ರಿ ಅಂತ.

ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ. ಅಂದು ಸಾರು ರುಚಿಯಾಗಿತ್ತು.

ಕೆಲವು ದಿನ ಕಳೆದು ಕುರಿ ಕಾಯುವ ಮಾಳಪ್ಪ ಬಂದ. ಹೆಗಲ ಮೇಲೆ ಮರಿಯೊಂದಿತ್ತು. ಅದರ ಕತ್ತು ಎತ್ತ ಬೇಕಾದರತ್ತ ವಾಲುತ್ತಿತ್ತು.

“ಕುರಿ ಸಾಯಾಕತ್ತಾವ್ರಿ. ನಿಮ್ಮಲ್ಲಿ ಏನರ ಬರದಿಟ್ಟಾರೇನ್ರಿ?”

“ಶರಭಯ್ಯನ್ನ ಕೇಳು. ಈಗ ಎಲ್ಲಾ ತಿಳದಾಂವ ಅವನ,” ಎಂದ ಅಡವಯ್ಯ.

ಶರಭಯ್ಯ ಎದ್ದು ಬಂದ. “ಯಾವ ಕಟ್ಟು ಬೇಕಪಾ?” ಎಂದು ಕೇಳಿದ.

“ಕುರಿ ಬ್ಯಾನಿದ್ರಿ.”

ಶರಭಯ್ಯ ಒಳಗೆ ಹೋಗಿ ಹುಡುಕಿದ. ಹಸಿರು ದಾರ ಎಷ್ಟೋ ಇದ್ದವು, ಎರಡು ಗಂಟಿನವೂ ಇದ್ದವು. ಎಲ್ಲ ಬಿಚ್ಚಿ ನೋಡಿದರೂ ಬರೀ ದನದ್ದು, ಕುರಿಯದ್ದಿಲ್ಲ.

ಹೊಸ್ತಿಲಲ್ಲಿ ಅಡವಯ್ಯ ಕಿವಿಗೊಟ್ಟು ಕೂತಿದ್ದ. ಕರೆಯಲಿ. ಇವತ್ತು ಒಂದೇ ಸಲಕ್ಕೆ ಏಳುತ್ತೇನೆ ಅಂದುಕೊಂಡ.

ಶರಭಯ್ಯ ಹೊರಗೆ ಬಂದು ಒಮ್ಮೆ ಇತ್ತ ನೋಡಿದ. ಅಡವಯ್ಯನ ಗಂಟುಮೋರೆ ಕಂಡು, ಅವನನ್ನು ಕೇಳಬೇಕೆಂದಿದ್ದವನು ಮಾಳಪ್ಪನ ಕಡೆ ತಿರುಗಿದ.

“ಇಲ್ಲಪಾ ಮಾಳಪ್ಪ. ಭಂಡಾರದಾಗ ಅದು ಇಲ್ಲ.”

“ಇಲ್ಲದ್ದು ನೀವಾರ ಎಲ್ಲಿಂದ ತರ್ತೀರಿ, ಪಾಪ,” ಎಂದ ಮಾಳಪ್ಪ. ಶರಭಯ್ಯನಿಗೆ ಅಡ್ಡಬಿದ್ದು, ಮರಿಯನ್ನು ಹೆಗಲಿಗೇರಿಸಿಕೊಂಡು ಹೊಳೆಯ ಕಡೆ ಇಳಿದ.

ಅಡವಯ್ಯನನ್ನು ಯಾರೂ ಕರೆಯಲಿಲ್ಲ. ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಾರೂ ಕರೆಯಲಿಲ್ಲ.

ಅವನಿಗೆ ಮೈಯೆಲ್ಲ ಉರಿಯಿತು. ಇಲ್ಲ ಅಂದವನ ಕಾಲಿಗೂ ಬೀಳುತ್ತಾರಲ್ಲ. ಇದೆ ಅಂತ ಗೊತ್ತಿದ್ದು ಇಲ್ಲಿ ಕೂತವನನ್ನು ತಿರುಗಿಯೂ ನೋಡುವುದಿಲ್ಲ. ಹೋಗಲಿ, ಸಾಯಲಿ ಕುರಿ, ನನಗೇನು?

ಇಳಿಜಾರಿನಲ್ಲಿ ಮಾಳಪ್ಪನ ಬೆನ್ನು ಕಾಣುತ್ತಿತ್ತು. ಅವನು ಹೆಜ್ಜೆ ಹಾಕಿದಂತೆಲ್ಲ ಮರಿಯ ಕತ್ತು ಅತ್ತಿತ್ತ ಆಡುತ್ತಿತ್ತು. ಅಡವಯ್ಯ ಬೇರೆ ಕಡೆ ನೋಡಿದ. ಮತ್ತೆ ನೋಡಿದ.

ಆಮೇಲೆ ಎದ್ದ. ಒಳಗೆ ನುಗ್ಗಿ, ಹಾಡಿನ ಕಟ್ಟುಗಳನ್ನು ಕೆಡವಿ, ಗೋಡೆಗೆ ಒತ್ತಿದ್ದ ಕಟ್ಟು ಎಳೆದುಕೊಂಡು ಓಡಿದ. ಎಂದೂ ಓಡದ ಭಾರೀ ದೇಹ. ದಂಡೆ ಮುಟ್ಟುವಷ್ಟರಲ್ಲಿ ಮಾಳಪ್ಪ ನಡುಹೊಳೆಯಲ್ಲಿದ್ದ. ಅಡವಯ್ಯ ಕಟ್ಟನ್ನು ತಲೆಯ ಮೇಲೆ ಹೊತ್ತು ನೀರಿಗಿಳಿದ.

“ನಿಂದರಪಾ ಮಾಳಪ್ಪ. ನಿನ್ನೆ ಕುರಿ ಎಲ್ಲಿ ಮೇದಾವು?”

“ಆಚೀ ದಂಡಿ ಹೊಸಾ ಹುಲ್ಲಗಾವಲದಾಗ್ರಿ.”

“ಮೊದಲ ಬಾಯಾಗ ನೊರಿ ಬಂತೋ, ಮೊದಲ ಹೊಟ್ಟಿ ಉಬ್ಬಿತೋ?”

“ಹೊಟ್ಟಿರಿ.”

ಸೊಂಟಮಟ್ಟದ ನೀರಿನಲ್ಲೇ ನಿಂತು ಅಡವಯ್ಯ ಗರಿ ಮಗುಚಿದ. ಜ್ವರದ ಗರಿ ಬಿಟ್ಟ, ಹುಣ್ಣಿನ ಗರಿ ಬಿಟ್ಟ, ವಿಷದ ಸೊಪ್ಪಿನ ಗರಿ ಹಿಡಿದು ಎರಡೆರಡು ಸಲ ಓದಿ ಹೇಳಿದ. ಮಾಳಪ್ಪ ಬಾಯಿಪಾಠ ಮಾಡಿಕೊಂಡ. ಹೇಳಿದವನ ಹೆಸರೂ ಕೇಳದೆ ಆಚೆ ದಂಡೆಗೆ ಓಡಿದ.

ಅಡವಯ್ಯ ನೀರು ಸುರಿಸುತ್ತ ಬಂದು ಅಜ್ಜಾರ ಮುಂದೆ ನಿಂತ. ಶರಭಯ್ಯನೂ ಅಲ್ಲಿದ್ದ.

“ಎಲ್ಲಿತ್ತು?” ಎಂದರು ಅಜ್ಜಾರು.

“ಹಾಡಿನ ಕಟ್ಟಿನ ಹಿಂದ್ರಿ.”

“ಯಾರು ಇಟ್ಟಿದ್ರು?”

“ನಾನ ಇಟ್ಟಿದ್ದೆ ರೀ.”

“ಯಾಕ?”

“ನನ್ನ ಕರೀಲಿ ಅಂತ್ರಿ. ಇವನ್ನ ಕಂಡ್ರ ನನಗ ಆಗೂದಿಲ್ರಿ, ಅಜ್ಜಾರ. ಇವನ ದಾರ ಕಂಡ್ರೂ ಆಗೂದಿಲ್ಲ.”

ಶರಭಯ್ಯ ತಲೆ ತಗ್ಗಿಸಿದ. “ನಂದೂ ತಪ್ಪೈತ್ರಿ. ಕಟ್ಟಿದಾಂವ ನಾನಾದ್ರೂ, ದಾರ ಕಾಣ್ಲಿಲ್ಲ ಅಂತ ಇಲ್ಲ ಅಂದುಬಿಟ್ಟೆ.”

ಅಜ್ಜಾರು ಅವನ ಕಡೆ ತಿರುಗಿದರು. “ಮಾಳಪ್ಪಗ ನೀ ಏನ್ ಕೇಳಿದಿ?”

“ಯಾವ ಕಟ್ಟು ಬೇಕು ಅಂದೆ ರೀ.”

“ಅಡವಯ್ಯ, ನೀ ಏನ್ ಕೇಳಿದಿ?”

“ಕುರಿ ಎಲ್ಲಿ ಮೇದಾವು ಅಂದೆ ರೀ.”

ಶರಭಯ್ಯ ತಲೆಯೆತ್ತಿ ಅಡವಯ್ಯನನ್ನೇ ನೋಡಿದ. ಅಜ್ಜಾರು ಇನ್ನೊಂದು ಬತ್ತಿ ಹೊಸೆದರು.

“ಅಡವಯ್ಯ, ಕಟ್ಟು ಇಟ್ಟು ಬಾ.”

“ಎಲ್ಲಿ ಇಡ್ಲಿ, ಅಜ್ಜಾರ?”

“ನೀ ಇಲ್ಲದಾಗ ಸಿಗೂ ಕಡೆ.”

ಅಡವಯ್ಯ ಭಂಡಾರದ ಹೊಸ್ತಿಲವರೆಗೆ ಹೋದ. ಅಲ್ಲೇ ನಿಂತ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ತಡೆಯಲಾರದೆ ತಿರುಗಿ ಕೇಳಿಯೇಬಿಟ್ಟ.

“ಹಂಗಾದ್ರ ಇನ್ನ ನನ್ನ ಯಾರು ಕರೀತಾರ್ರೀ?”

ಅಜ್ಜಾರು ಅವನ ಒದ್ದೆ ಧೋತರ ನೋಡಿದರು.

“ಇವತ್ತ ಯಾರು ಕರದಿದ್ರು?”